ಡೆನ್ವರಿನಲ್ಲಿ ಐವತ್ತು ನಿಮಿಷ

ಎಮರಿವಿಲ್, ಕ್ಯಾಲಿಫೋರ್ನಿಯಾ
14 ಮಾರ್ಚ್ 2006

ಮಗಳೇ ಡೆಲ್ಫೀನ್,

ಅಮ್ಮನ ಫೋನ್ ಎತ್ತುವುದಿಲ್ಲ ಎಂದು ನೀನು ಶಪಥ ಮಾಡಿದ್ದೀಯ. ಕಾಗದ ಓದುವುದಿಲ್ಲ ಎಂದೇನೂ ಹೇಳಿಲ್ಲವಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಚಿಕಾಗೊದಿಂದ ಬರುವ ನಮ್ಮ ರೈಲುಗಾಡಿ ಎಂದಿನಂತೆ ಡೆನ್ವರಿನಲ್ಲಿ ಐವತ್ತು ನಿಮಿಷ ನಿಂತಿತ್ತು. ನೀರು ತುಂಬಿಸಿದರು, ಕಸ ಇಳಿಸಿದರು. ನಿನ್ನ ಮನೆ ಅಲ್ಲಿಂದ ಹನ್ನೆರಡು ನಿಮಿಷದ ದಾರಿ. ನಾನು ಬೋಗಿಯ ಬಾಗಿಲಲ್ಲಿ ಮೆಟ್ಟಿಲುಮಣೆ ಇಟ್ಟುಕೊಂಡು ಪ್ಲಾಟ್‌ಫಾರ್ಮಿಗೆ ಬರುವವರ ಮುಖಗಳನ್ನೇ ನೋಡುತ್ತ ನಿಂತಿದ್ದೆ. ನೀನು ಬರುವುದಿಲ್ಲವೆಂದು ಗೊತ್ತು. ನನಗೆ ಗೊತ್ತಿದ್ದರೆ ಕಣ್ಣಿಗೆ ಗೊತ್ತಾಗಬೇಕಲ್ಲ.

ಈ ಸಲ ನನ್ನ ಬೋಗಿಯಲ್ಲಿ ಕುವಾಬಾರಾ ಎಂಬ ಜಪಾನಿನ ಮುದುಕರಿದ್ದರು. ಗಾಡಿ ಎಮರಿವಿಲ್ ತಲುಪಬೇಕಾದ ಹೊತ್ತಿಗೆ ಸರಿಯಾಗಿ ಹತ್ತು ನಿಮಿಷ ಮುಂಚೆ ಟೈ ಕಟ್ಟಿ, ಪೆಟ್ಟಿಗೆ ಹಿಡಿದು ಬಾಗಿಲ ಬಳಿ ಬಂದು ನಿಂತರು. ಗಾಡಿ ಆಗಿನ್ನೂ ನೆವಾಡಾದಲ್ಲಿತ್ತು.

"ಇನ್ನೂ ಏಳು ಗಂಟೆ ಇದೆ ಸರ್, ಒಳಗೆ ಕೂತ್ಕೊಳ್ಳಿ," ಎಂದೆ.

ಪಾಪ, ಅವರು ತಮ್ಮ ಕೈಗಡಿಯಾರವನ್ನು ಕಿವಿಗಿಟ್ಟು ನೋಡಿಕೊಂಡರು. ತಪ್ಪು ಅದರದ್ದೇ ಇರಬೇಕೆಂದು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಹಾಗಾದ್ರೆ ಚೀಟಿ ಕೊಡಿ," ಎಂದರು. ಅವರ ದೇಶದಲ್ಲಿ ಗಾಡಿ ಐದು ನಿಮಿಷ ತಡವಾದರೂ ರೈಲಿನವರು ಒಂದು ಚೀಟಿ ಕೊಡುತ್ತಾರಂತೆ: ತಪ್ಪು ನಮ್ಮದು, ಇವರದಲ್ಲ ಎಂದು. ಅದನ್ನು ಕೆಲಸದ ಜಾಗದಲ್ಲಿ ತೋರಿಸಿದರೆ ಯಾರೂ ಬೈಯುವುದಿಲ್ಲ. "ಮಗಳು ಊಟಕ್ಕೆ ಕಾಯ್ತಾ ಇರ್ತಾಳೆ. ಆರು ವರ್ಷ ಆಯ್ತು ನೋಡಿ. ಬರಿಗೈಲಿ ತಡವಾಗಿ ಹೋಗೋದು ಹೇಗೆ?" ಎಂದರು.

ನಮ್ಮಲ್ಲಿ ಅಂಥ ಚೀಟಿ ಎಲ್ಲಿಂದ ಬರಬೇಕು? ಹಾಗೇನಾದರೂ ಕೊಡುವುದಾದರೆ ಗಾಡಿಗೆ ಇನ್ನೊಂದು ಬೋಗಿ ತುಂಬ ಕಾಗದವೇ ಬೇಕು. ಊಟದ ಬೋಗಿಯಿಂದ ಒಂದು ಕಾಗದದ ಕರವಸ್ತ್ರ ತಂದು ನಾನೇ ಬರೆದುಕೊಟ್ಟೆ: "ಈ ಮಹನೀಯರು ಏಳು ಗಂಟೆ ತಡವಾದರು. ಇದರಲ್ಲಿ ಅವರ ತಪ್ಪು ಏನೇನೂ ಇಲ್ಲ. ಎರ್ನೆಸ್ಟಿನ್ ವಿಟ್ಲೋ, ಅಟೆಂಡೆಂಟ್." ಎರಡೂ ಕೈಯಿಂದ ತೆಗೆದುಕೊಂಡು ತಲೆಬಾಗಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಅವರು ಹೋದ ಮೇಲೆ ಇನ್ನೊಂದು ಚೀಟಿ ಬರೆದೆ. ಅದನ್ನು ಇದರ ಜೊತೆ ಇಟ್ಟಿದ್ದೇನೆ. "ಎರ್ನೆಸ್ಟಿನ್ ವಿಟ್ಲೋ ಎಂಬಾಕೆ 1993ರ ಜೂನ್ 4ರಂದು, ಮಗಳು ಶಾಲೆ ಮುಗಿಸಿ ಪ್ರಮಾಣಪತ್ರಕ್ಕೆ ವೇದಿಕೆ ಹತ್ತಿದ ದಿನ, ಹನ್ನೊಂದು ಗಂಟೆ ತಡವಾಗಿ ಬಂದಳು. ಗಾಡಿಯ ತಪ್ಪು ಎಂದಳು. ಪೂರ್ತಿ ಗಾಡಿಯದಲ್ಲ." ಆ ವಾರ ರಜೆ ಕೇಳಬಹುದಿತ್ತು, ಮಗಳೇ. ಗಾಡಿ ಸಮಯಕ್ಕೆ ಬಂದೇ ಬರುತ್ತದೆ ಎಂದು ನಂಬಿದೆ. ಹದಿನೈದು ವರ್ಷ ಅದೇ ಗಾಡಿಯಲ್ಲಿ ದುಡಿದವಳು ಹಾಗೆ ನಂಬುತ್ತಾಳೆಯೇ? ನಂಬಿದೆ ನೋಡು.

ನಿನ್ನ,
ಅಮ್ಮ


ಎಮರಿವಿಲ್
20 ಜೂನ್ 2006

ಡೆಲ್ಫೀನ್,

ಮೂರು ತಿಂಗಳಾಯಿತು, ನಿನ್ನ ಉತ್ತರವಿಲ್ಲ. ಪರವಾಗಿಲ್ಲ. ಇವತ್ತು ಬರೆಯುತ್ತಿರುವುದು ಒಂದು ತಪ್ಪೊಪ್ಪಿಗೆಗೆ. ಮೊದಲು ನಗಿಸಿ ಆಮೇಲೆ ಒಪ್ಪಿಕೊಳ್ಳುತ್ತೇನೆ. ನಿನ್ನ ಒಡೆಸ್ಸಾ ದೊಡ್ಡಮ್ಮ ಹೇಳುವ ಹಾಗೆ ಅದು ನನ್ನ ಹಳೆಯ ಚಾಳಿ.

ಬೇಸಿಗೆ ಶುರುವಾಯಿತಲ್ಲ, ಗಾಡಿ ತುಂಬ ಹೊರದೇಶದವರೇ. ಕೊಲೊರಾಡೋ ನದಿಯ ಪಕ್ಕ ಹೋಗುವಾಗ ತೆಪ್ಪದ ಹುಡುಗರು ಗಾಡಿ ಕಂಡ ಕೂಡಲೇ ಸಾಲಾಗಿ ಎದ್ದು ನಿಂತು, ಹಿಂದೆ ತಿರುಗಿ, ಚಡ್ಡಿ ಇಳಿಸುತ್ತಾರೆ. ಅದು ಈ ನದಿಯ ಸಂಪ್ರದಾಯ, ನಿನಗೆ ಹೇಳಬೇಕೆ? ಸ್ವಿಟ್ಜರ್ಲೆಂಡಿನಿಂದ ಬಂದ ಉರ್ಸುಲಾ ಎಬಿಷರ್ ಎಂಬ ಹೆಂಗಸು, ಅರವತ್ತೆಂಟು ವರ್ಷ, ಕನ್ನಡಕ ಸರಿಮಾಡಿಕೊಂಡು ಹನ್ನೊಂದು ಅಂಡುಗಳನ್ನು ಒಂದೊಂದಾಗಿ ಎಣಿಸಿ, "ಇದು ಸ್ವಾಗತವೋ, ಪ್ರತಿಭಟನೆಯೋ?" ಎಂದು ಕೇಳಿದರು.

"ಸ್ವಾಗತಾನೇ ಅಮ್ಮಾ," ಎಂದೆ.

"ಹಾಗಾದ್ರೆ ನಾವು ವಾಪಸ್ ಏನು ಮಾಡ್ಬೇಕು?"

ಬೋಗಿಗೆ ಬೋಗಿಯೇ ಬಿದ್ದು ಬಿದ್ದು ನಕ್ಕಿತು.

ಈಗ ತಪ್ಪು. ಗಾಡಿ ಪಕ್ಕದ ಹಳಿಗೆ ಸರಿದು ನಿಂತಾಗಲೆಲ್ಲ ಹೊರದೇಶದವರು ನನ್ನನ್ನೇ ಹಿಡಿಯುತ್ತಾರೆ. ಯಾಕೆ ನಿಂತಿತು? ಯಾರು ನಿಲ್ಲಿಸಿದರು? ಅವರ ಹೆಸರೇನು? ನಮ್ಮವರು ಇದನ್ನು ಕೇಳುವುದೇ ಇಲ್ಲ. ಮಳೆ ಯಾಕೆ ಬಂತು ಎಂದು ಯಾರಾದರೂ ಕೇಳುತ್ತಾರೆಯೇ? ಹೇಳಿ ಹೇಳಿ ಸಾಕಾಗಿ ನಾನೊಂದು ತಮಾಷೆ ಕಟ್ಟಿಕೊಂಡಿದ್ದೇನೆ: "ಡೆನ್ವರಿನಲ್ಲಿ ಒಬ್ಬಳು ಹುಡುಗಿ ಇದಾಳೆ. ಅವಳು ಕಾಫಿ ಕುಡಿದು ಮುಗಿಸಿ ಗುಂಡಿ ಒತ್ತಿದ್ರೆ ನಾವು ಹೊರಡ್ತೀವಿ." ಎಲ್ಲರೂ ನಗುತ್ತಾರೆ. ಎಬಿಷರಮ್ಮ ನಗಲಿಲ್ಲ. ಪುಸ್ತಕ ತೆಗೆದು, "ಆ ಹುಡುಗಿಯ ವಿಳಾಸ ಕೊಡಿ, ನಾನು ಬರೆಯಬೇಕು," ಎಂದರು. ಅವರು ಊರಲ್ಲಿ ಕಾಲುದಾರಿಯ ಕಲ್ಲು ಅಲ್ಲಾಡಿದರೂ ಮೇಯರಿಗೆ ದೂರು ಬರೆಯುವವರಂತೆ.

ಕೊಟ್ಟುಬಿಟ್ಟೆ. ನಿನ್ನ ಮನೆಯ ವಿಳಾಸ. ಬಾಯಿಪಾಠ ಬರುವ ವಿಳಾಸ ಅದೊಂದೇ ನೋಡು, ನಾಲಿಗೆಯಿಂದ ಜಾರಿತು. ದೂರು ಬಂದರೆ ನನ್ನ ಮೇಲೆ ಹಾಕು.

ಇನ್ನೊಂದು ಮಾತು. ಅಕ್ಟೋಬರ್ ಒಂಬತ್ತರಂದು ಚಿಕಾಗೊ ಬಿಡುವುದೇ ನನ್ನ ಕೊನೆಯ ಪ್ರಯಾಣ, ನಿವೃತ್ತಿ. ಹತ್ತರ ಬೆಳಿಗ್ಗೆ ಡೆನ್ವರಿಗೆ ಬರುತ್ತೇವೆ. ನೀನು ನನ್ನ ಗಾಡಿಯನ್ನು ಒಂದು ಸಲವೂ ಹತ್ತಿಲ್ಲ. ಗ್ಲೆನ್‌ವುಡ್‌ವರೆಗಾದರೂ, ಬೆಟ್ಟ ದಾಟುವವರೆಗಾದರೂ, ನನ್ನ ಜೊತೆ ಬರುತ್ತೀಯಾ?

ಅಮ್ಮ


ಡೆನ್ವರ್
2 ಜುಲೈ 2006

ಅಮ್ಮ,

ಚೀಟಿ ಮಾರ್ಚಿನಲ್ಲೇ ತಲುಪಿತು. ಅದರ ಬಗ್ಗೆ ಏನು ಹೇಳಬೇಕೋ ಇನ್ನೂ ಗೊತ್ತಾಗಿಲ್ಲ, ಆದ್ದರಿಂದ ಹೇಳುವುದಿಲ್ಲ.

ಆದರೆ ಕಾಫಿ ಕುಡಿಯುವ ಹುಡುಗಿಯ ಬಗ್ಗೆ ಹೇಳುತ್ತೇನೆ. ಆ ಹುಡುಗಿಗೆ ಮೂವತ್ತೊಂದು ವರ್ಷ. ಹಳಿಯ ಒಡೆತನವಿರುವ ಗೂಡ್ಸ್ ಕಂಪನಿಯ ಕಿಟಕಿ ಇಲ್ಲದ ಕಂಟ್ರೋಲ್ ರೂಮಿನಲ್ಲಿ, ಯಾವ ಗಾಡಿ ನಿಲ್ಲಬೇಕು ಯಾವುದು ಹೋಗಬೇಕು ಎಂದು ನೋಡುತ್ತ ಎಂಟು ಗಂಟೆ ಕೂರುತ್ತಾಳೆ, ಎದುರಿಗೆ ಆರು ಪರದೆ. ಒಂದೇ ಹಳಿ, ಆ ಕಡೆಯಿಂದ ಏಳು ಗಾಡಿ, ಈ ಕಡೆಯಿಂದ ಏಳು. ತಂದ ಕಾಫಿ ಪ್ರತಿದಿನವೂ ಮೇಜಿನ ಮೇಲೇ ಆರುತ್ತದೆ. ಇಂಥವಳನ್ನು ನೀನು ಪರದೇಶದವರ ಮುಂದೆ ನಗೆಪಾಟಲು ಮಾಡಿ, ಅದೇ ಉಸಿರಿನಲ್ಲಿ ಕೊನೆಯ ಪ್ರಯಾಣಕ್ಕೆ ಬಾ ಎನ್ನುತ್ತೀಯ.

ನಿನ್ನ ಎಬಿಷರಮ್ಮನಿಗೆ ಇದನ್ನು ಹೇಳು. ಕಾನೂನಿನ ಪ್ರಕಾರ ಜನರ ಗಾಡಿಗೇ ಮೊದಲ ದಾರಿ. ಆದರೆ ಗೂಡ್ಸ್ ಗಾಡಿ ಈಗ ಒಂದೂವರೆ ಮೈಲಿ ಉದ್ದ, ಪಕ್ಕದ ಹಳಿ ಒಂದೇ ಮೈಲಿ. ಅದರೊಳಗೆ ಹಿಡಿಸುವುದು ಯಾವುದು? ನಿನ್ನ ಗಾಡಿ. ಕಾನೂನು ಏನೇ ಹೇಳಲಿ, ಚಿಕ್ಕದೇ ಪಕ್ಕಕ್ಕೆ ಸರಿದು ನಿಲ್ಲಬೇಕು. ಇದನ್ನು ಕಲಿಯಲು ನನಗೆ ಕಂಟ್ರೋಲ್ ರೂಮ್ ಬೇಕಾಗಿರಲಿಲ್ಲ, ಒಂಬತ್ತು ವರ್ಷಕ್ಕೇ ಗೊತ್ತಿತ್ತು. ನೀನು ಜರ್ಮನಿಯವರಿಗೆ ದಿಂಬು ತಟ್ಟಿಕೊಡುತ್ತಿದ್ದಾಗ ನಾನು ದೊಡ್ಡಮ್ಮನ ಸೋಫಾದ ಮೇಲೆ ಮಲಗುತ್ತಿದ್ದೆ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ದೊಡ್ಡಮ್ಮ ಗೊಣಗುವುದನ್ನು ಕೇಳಿಕೊಂಡೇ ಬೆಳೆದೆ.

ಅಕ್ಟೋಬರ್ ಹತ್ತಕ್ಕೆ ನನಗೆ ಡ್ಯೂಟಿ ಇದೆ.

ಡೆಲ್ಫೀನ್


ಥೂನ್, ಸ್ವಿಟ್ಜರ್ಲೆಂಡ್
24 ಜುಲೈ 2006

ಮಾನ್ಯ ಕುಮಾರಿ ಡೆಲ್ಫೀನ್ ವಿಟ್ಲೋ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ಜೂನ್ 18ರಂದು ನಿಮ್ಮ ತಾಯಿಯವರ ಬೋಗಿಯಲ್ಲಿ, ಆರನೆಯ ಕೋಣೆಯಲ್ಲಿ ಪ್ರಯಾಣ ಮಾಡಿದೆ. ನಮ್ಮೂರಿನ ಸ್ಟೇಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ಮಾರಿದವಳು ನಾನು. ನಿಮಗೆ ದೂರು ಬರೆಯಬೇಕೆಂದೇ ವಿಳಾಸ ಪಡೆದಿದ್ದೆ, ಎರಡು ಪುಟ ಬರೆದೂ ಆಗಿತ್ತು. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಅಂದು ರೇಡಿಯಂ ಎಂಬಲ್ಲಿ ಗಾಡಿ ಎರಡು ಗಂಟೆ ಹತ್ತು ನಿಮಿಷ ನಿಂತಿತು. ನಾವು ಹೊರದೇಶದವರು ಆರು ಜನ ಬೋಗಿಯ ಓಣಿಯಲ್ಲಿ ಸೇರಿ ಗಡಿಯಾರ ನೋಡಿಕೊಳ್ಳುತ್ತಿದ್ದೆವು. ನಿಮ್ಮ ದೇಶದವರು ಯಾರೂ ಎದ್ದು ಬರಲಿಲ್ಲ, ಇಸ್ಪೀಟು ಆಡುತ್ತಿದ್ದರು. ಇವರಿಗೆ ಎಲ್ಲೂ ಹೋಗಬೇಕಾಗಿಲ್ಲವೇ ಎಂದು ನನಗೆ ಆಶ್ಚರ್ಯವಾಯಿತು. ಕೊನೆಗೆ ಇಂಗ್ಲೆಂಡಿನವರೊಬ್ಬರು ತಾಳ್ಮೆ ಕಳೆದುಕೊಂಡು, "ಆ ಗುಂಡಿ ಒತ್ತೋ ಹುಡುಗಿಗೆ ತಲೇಲಿ ಮೆದುಳಿದ್ಯೋ ಇಲ್ವೋ?" ಎಂದು ಕೂಗಿದರು.

ನಿಮ್ಮ ತಾಯಿ ಟವೆಲ್ ಮಡಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಆ ಹುಡುಗಿ ನನ್ನ ಮಗಳು, ಸರ್. ಅವಳ ಕೈಲಿ ಹದಿನಾಲ್ಕು ಗಾಡಿ ಇದಾವೆ. ಹದಿನಾಲ್ಕೂ ಒಂದಕ್ಕೊಂದು ಗುದ್ದದ ಹಾಗೆ ಮನೆ ಸೇರ್ಬೇಕು. ನಾನು ರಾತ್ರಿ ಈ ಗಾಡೀಲಿ ಕಣ್ಣು ಮುಚ್ಚಿ ನಿದ್ದೆ ಮಾಡ್ತೀನಲ್ಲ, ಅದು ಅವಳು ಎದ್ದಿರ್ತಾಳೆ ಅನ್ನೋ ಧೈರ್ಯಕ್ಕೆ. ಕೂತ್ಕೊಳ್ಳಿ, ಟೀ ತರ್ತೀನಿ."

ಅವರು ಮುಖ ಕೆಂಪಾಗಿ ಕ್ಷಮೆ ಕೇಳಿದರು. ಆಮೇಲೆ ಸುಮ್ಮನಿರಲಾರದೆ, "ನಿಮ್ಮ ಮಗಳು ಹೇಗೆ?" ಎಂದು ಕೇಳಿದರು.

"ಒಂಬತ್ತು ವರ್ಷದಲ್ಲಿ ಹೇಗಿದ್ಲು ಅಂತ ಗೊತ್ತು," ಎಂದರು ನಿಮ್ಮ ತಾಯಿ. ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು. ಮೂರು ಸಲ ಹಾಗೆ ಮಾಡಿದರು. ನಾನು ಎಣಿಸಿದೆ, ಎಣಿಸುವುದು ನನ್ನ ದೌರ್ಬಲ್ಯ.

ಕುಮಾರಿ ವಿಟ್ಲೋ, ನಿಮ್ಮ ರೈಲಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಶೌಚಾಲಯದ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ವೇಗ ನಾಚಿಕೆಗೇಡು, ವೇಳಾಪಟ್ಟಿ ಬರೀ ಕಥೆ. ಊಟಕ್ಕೆ ಗುರುತಿಲ್ಲದವರ ಎದುರು ಕೂರಿಸುತ್ತಾರೆ. ಮೊದಲ ದಿನ ಅದು ಹಿಂಸೆಯಾಯಿತು. ಎರಡನೆಯ ದಿನ ನನ್ನ ಎದುರಿಗಿದ್ದ ಅಯೋವಾದ ರೈತ, ತನ್ನ ಹೆಂಡತಿ ತೀರಿಕೊಂಡ ಸುದ್ದಿಯನ್ನು ತಮ್ಮನಿಗೆ ಹೇಳಲು ಹೋಗುತ್ತಿದ್ದೇನೆ ಎಂದ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲವಂತೆ. ದಾರಿಯುದ್ದಕ್ಕೂ ಅದನ್ನು ಹೇಗೆ ಹೇಳುವುದೆಂದು ನನ್ನ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡ. ಅವನಿಗೆ ಗಾಡಿ ತಡವಾದದ್ದೇ ಒಳ್ಳೆಯದಾಯಿತು. ನಮ್ಮ ಗಾಡಿಗಳು ಒಂದು ನಿಮಿಷವೂ ತಪ್ಪುವುದಿಲ್ಲ. ಆದರೆ ಆ ಮೂವತ್ತನಾಲ್ಕು ವರ್ಷಗಳಲ್ಲಿ ನನಗೂ ಒಬ್ಬಳು ಮಗಳಿದ್ದಾಳೆಯೇ ಎಂದು ಟಿಕೆಟ್ ಕಿಟಕಿಯಾಚೆಯ ಯಾರೂ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ನಿಮ್ಮ ಮನೆಯ ವಿಷಯದಲ್ಲಿ ಮೂಗು ತೂರಿಸಿದ್ದಕ್ಕೆ ಕ್ಷಮೆ ಇರಲಿ.

ಗೌರವಪೂರ್ವಕವಾಗಿ,
ಉರ್ಸುಲಾ ಎಬಿಷರ್


ಡೆನ್ವರ್
5 ಸೆಪ್ಟೆಂಬರ್ 2006

ಅಮ್ಮಾ,

ನಿನ್ನ ಸ್ವಿಸ್ ಹೆಂಗಸಿನ ಕಾಗದ ಬಂತು. ಒಂದು ತಿಂಗಳಿಂದ ಅಡುಗೆಮನೆಯ ಮೇಜಿನ ಮೇಲೆ ಇದೆ.

ಜೂನ್ 18ರಂದು ರೇಡಿಯಂನಲ್ಲಿ ನಿನ್ನನ್ನು ನಿಲ್ಲಿಸಿದ್ದು ನಾನೇ. ಎದುರಿನಿಂದ ಬರುತ್ತಿದ್ದ ಕಲ್ಲಿದ್ದಲಿನ ಗಾಡಿಯ ಕೊಂಡಿ ಮುರಿದಿತ್ತು. ಎರಡು ಗಂಟೆ ಹತ್ತು ನಿಮಿಷ, ಲೆಕ್ಕ ಸರಿಯಾಗಿದೆ. ಆ ಹೊತ್ತಿನಲ್ಲಿ ನೀನು ನನ್ನ ಪರವಾಗಿ ಮಾತಾಡುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು ಒಂದನ್ನು ಹೇಳುತ್ತೇನೆ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದ ಕೂಡಲೇ ದೊಡ್ಡಮ್ಮನ ಅಡುಗೆಮನೆಯಿಂದ ರೈಲಿನ ವಿಚಾರಣೆ ನಂಬರಿಗೆ ಫೋನ್ ಮಾಡುತ್ತಿದ್ದೆ. ನೀನು ಹೊರಟ ಗಾಡಿ ಎಲ್ಲಿದೆ ಎಂದು ಕೇಳಲು. ಅಲ್ಲೊಬ್ಬ ಹೆಂಗಸಿಗೆ ನನ್ನ ದನಿಯ ಗುರುತು ಸಿಕ್ಕಿಬಿಟ್ಟಿತ್ತು. "ಓಹ್, ನೀನಾ ಪುಟ್ಟಿ? ನಿಮ್ಮಮ್ಮ ಇನ್ನೂ ರೀನೊ ದಾಟಿಲ್ಲ ಕಣೆ. ನಾಕು ಗಂಟೆ ಲೇಟು. ಊಟ ಮಾಡಿ ಮಲ್ಕೋ ಹೋಗು," ಎನ್ನುತ್ತಿದ್ದಳು. ನಾನು ಗೋಡೆಗೆ ತೂಗಿದ ನಕ್ಷೆಯಲ್ಲಿ ರೀನೊ ಹುಡುಕಿ ಅದರ ಮೇಲೆ ಒಂದು ಗುಂಡುಸೂಜಿ ಚುಚ್ಚಿ ಮಲಗುತ್ತಿದ್ದೆ. ಆ ಹೆಂಗಸಿನ ಹೆಸರು ಕೊನೆಗೂ ಕೇಳಲಿಲ್ಲ.

ನಿನ್ನ ಮೇಲಿನ ಸಿಟ್ಟಿಗೆ ನಾನು ಗೂಡ್ಸ್ ಕಂಪನಿ ಸೇರಿದೆ ಎಂದು ನೀನು ತಿಳಿದಿದ್ದೀಯ. ದೊಡ್ಡಮ್ಮನೂ ಹಾಗೇ ತಿಳಿದಿದ್ದಾಳೆ. ಹಾಗೇ ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆ. ನನಗೆ ಬೇಕಾಗಿದ್ದದ್ದು ಗಾಡಿ ಎಲ್ಲಿದೆ ಎಂದು ಮೊದಲು ಗೊತ್ತಾಗುವ ಕುರ್ಚಿ. ಪರದೆಯ ಮೇಲೆ ನೀನೊಂದು ಹಸಿರು ಗೆರೆ, ಅಮ್ಮಾ. ಎಂಟು ವರ್ಷದಿಂದ ನೋಡಿಕೊಂಡೇ ಇದ್ದೇನೆ. ಡೆನ್ವರಿನಲ್ಲಿ ನೀನು ಐವತ್ತು ನಿಮಿಷ ನಿಂತಿರುವಾಗ ಆ ಗೆರೆ ಅಲ್ಲಾಡುವುದಿಲ್ಲ. ಬಂದುಬಿಡೋಣ ಎನ್ನಿಸುತ್ತದೆ. ಬಂದು ಏನು ಮಾತಾಡಲಿ? ನನಗೂ ನೀನು ಗೊತ್ತಿಲ್ಲ. ಅದು ಸಿಟ್ಟಲ್ಲ, ಹೆದರಿಕೆ.

ಡೆಲ್ಫೀನ್


ಚಿಕಾಗೊ
20 ಸೆಪ್ಟೆಂಬರ್ 2006

ಮಗಳೇ,

ನಿನ್ನ ಕಾಗದವನ್ನು ಒಡೆಸ್ಸಾಳಿಗೆ ಓದಿ ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. "ನನ್ನ ಅಡುಗೆಮನೆ ಗೋಡೆ ತುಂಬ ಆ ಸೂಜಿ ತೂತುಗಳು ಎಲ್ಲಿಂದ ಬಂದ್ವು ಅಂತ ಈಗ ಗೊತ್ತಾಯ್ತು ನೋಡು," ಎಂದಳು.

ನನ್ನ ತಾತ ಇದೇ ಕೆಲಸ ಮಾಡುತ್ತಿದ್ದ. ಅವನ ಹೆಸರು ಎಜ್ರಾ. ಆ ಕಾಲದ ಪ್ರಯಾಣಿಕರು ಮಲಗುವ ಬೋಗಿಯ ಕರಿಯ ಕೆಲಸಗಾರರನ್ನೆಲ್ಲ ಒಂದೇ ಹೆಸರಿನಿಂದ, ಜಾರ್ಜ್ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಅವನು ಜಾರ್ಜ್ ಆಗಿದ್ದ. ನನ್ನ ಎದೆಯ ಮೇಲೆ ನನ್ನ ಹೆಸರೇ ಇರುವ ಪಟ್ಟಿ ಇದೆಯೆಂದು ಹೆಮ್ಮೆಪಡುತ್ತಿದ್ದೆ, ಅದಕ್ಕೇ ಈ ಕೆಲಸ ಬಿಡಲಾಗಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದೆ. ಅದು ಸುಳ್ಳಲ್ಲ. ಆದರೆ ಅರ್ಧ ನೆಪ. ಗಾಡಿಯಲ್ಲಿ ನಾನು ಯಾರನ್ನೂ ಬೇಸರಪಡಿಸುತ್ತಿರಲಿಲ್ಲ, ಮನೆಯಲ್ಲಿ ಅದು ನನಗೆ ಬರುತ್ತಿರಲಿಲ್ಲ. ಎರಡು ದಿನದ ಅತಿಥಿಗೆ ಒಳ್ಳೆಯವಳಾಗಿರುವುದು ಸುಲಭ, ಡೆಲ್ಫೀನ್.

ನಾನು ಮತ್ತೆ ಬಾ ಎನ್ನುವುದಿಲ್ಲ. ಹತ್ತನೆಯ ತಾರೀಖು ಬೆಳಿಗ್ಗೆ ನನ್ನ ಬೋಗಿಯ ಬಾಗಿಲಲ್ಲಿ ಇರುತ್ತೇನೆ. ನೀನು ಡ್ಯೂಟಿಯಲ್ಲಿದ್ದರೆ ಹಸಿರು ಗೆರೆಯನ್ನು ನೋಡಿಕೊ. ಅದೂ ನನಗೆ ಸಾಕು ಎಂದು ಬರೆಯಹೊರಟಿದ್ದೆ, ಸಾಕಾಗುವುದಿಲ್ಲ.

ನಿನ್ನ ಅಮ್ಮ


ಎಮರಿವಿಲ್, ಕ್ಯಾಲಿಫೋರ್ನಿಯಾ
12 ಅಕ್ಟೋಬರ್ 2006

ಪ್ರಿಯ ಎಬಿಷರ್ ಅವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಎರಡೂವರೆ ತಿಂಗಳು ತೆಗೆದುಕೊಂಡೆ. ನಮ್ಮ ರೈಲಿನವರ ಮಗಳಲ್ಲವೇ, ಮನ್ನಿಸಿ.

ಡ್ಯೂಟಿಯನ್ನು ಗೆಳೆಯನಿಗೆ ಒಪ್ಪಿಸಿ, ಗ್ಲೆನ್‌ವುಡ್‌ವರೆಗೆ ಟಿಕೆಟ್ ಕೊಂಡು ಹತ್ತರ ಬೆಳಿಗ್ಗೆ ಸ್ಟೇಷನ್ನಿಗೆ ಹೋದೆ. ಐವತ್ತು ನಿಮಿಷದಲ್ಲಿ ನಲವತ್ತನ್ನು ಹೊರಗಿನ ಬೆಂಚಿನ ಮೇಲೆ ಕಳೆದೆ. ಕೊನೆಗೆ ಎದ್ದು ಬೋಗಿಯ ಬಳಿ ಹೋದೆ. ಅಮ್ಮ ನನ್ನನ್ನು ನೋಡಿ, ಎಲ್ಲರಿಗೂ ಹೇಳುವ ಹಾಗೇ, "ಟಿಕೆಟ್ ತೋರ್ಸಮ್ಮ," ಎಂದಳು. ತೋರಿಸಿದೆ. ಅದನ್ನು ಅವಳು ತಲೆಕೆಳಗಾಗಿ ಹಿಡಿದು ಓದಿದಳು. "ಮೆಟ್ಟಿಲು ಎತ್ತರ ಇದೆ, ಕೈ ಕೊಡು," ಎಂದಳು. ಮೂವತ್ತೊಂದು ವರ್ಷದ ಹೆಂಗಸು ನಾನು, ಕೈ ಕೊಟ್ಟೆ.

ಆ ದಾರಿಯ ಪ್ರತಿಯೊಂದು ಹಳಿಯನ್ನೂ ನಾನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ರೇಡಿಯಂ ನನಗೆ ಒಂದು ಮೈಲಿ ಉದ್ದದ ಗೆರೆ ಅಷ್ಟೇ ಆಗಿತ್ತು. ಅಲ್ಲಿ ಕೆಂಪು ಬಂಡೆಗಳಿವೆ, ನದಿ ಹಳಿಗೆ ಅಂಟಿಕೊಂಡು ಹರಿಯುತ್ತದೆ, ಹಳದಿ ಎಲೆ ತುಂಬಿದ ಮರಗಳ ಕೆಳಗೆ ಯಾರೋ ಬಟ್ಟೆ ಒಣಹಾಕಿದ್ದರು. ಇಷ್ಟು ಚೆಂದದ ಜಾಗದಲ್ಲಿ ಅಮ್ಮನನ್ನು ನಿಲ್ಲಿಸುತ್ತಿದ್ದೆನೆಂದು ನನಗೆ ತಿಳಿದೇ ಇರಲಿಲ್ಲ. ಅವತ್ತೂ ಅಲ್ಲಿ ನಲವತ್ತು ನಿಮಿಷ ನಿಂತೆವು. ಓಣಿಯಲ್ಲಿ ಬೆಲ್ಜಿಯಂನ ಹುಡುಗಿಯೊಬ್ಬಳು, "ಯಾಕೆ ನಿಂತಿದೆ?" ಎಂದು ಕೇಳಿದಳು. ಅಮ್ಮ ನನ್ನ ಕಡೆ ಕೈ ತೋರಿಸಿ, "ಅವಳ್ನ ಕೇಳು, ಅವಳಿಗೆ ಎಲ್ಲಾ ಗೊತ್ತು," ಎಂದಳು. ಹೇಳಿದೆ. ಗೂಡ್ಸ್ ಹಾದುಹೋಗುವಾಗ ಬೆಲ್ಜಿಯಂನವಳೂ ನಾನೂ ಅಮ್ಮನೂ ಸೇರಿ ಅದರ ಬೋಗಿಗಳನ್ನು ಎಣಿಸಿದೆವು. ನೂರ ಹದಿನೆಂಟು. ನಿಮ್ಮ ನೆನಪಾಯಿತು.

ಅಮ್ಮನಿಗೂ ನನಗೂ ದೊಡ್ಡ ಮಾತೇನೂ ಆಗಲಿಲ್ಲ. ಅವಳು ಹಾಸಿಗೆ ಮಡಿಸುವುದನ್ನು ನೋಡುತ್ತ ನಿಂತೆ. ಮಡಿಸಲು ಬರುವುದಿಲ್ಲವೆಂದು ಅವಳಿಂದ ಬೈಸಿಕೊಂಡು ನಾನೂ ಒಂದನ್ನು ಮಡಿಸಿದೆ. ಗ್ಲೆನ್‌ವುಡ್ ಬಂತು. ಅಮ್ಮ ಮೆಟ್ಟಿಲುಮಣೆ ಇಳಿಸಿ, ಇಳಿಯುವವರಿಗೆಲ್ಲ ಕೈ ಕೊಟ್ಟು, ನನಗಾಗಿ ಕಾಯುತ್ತ ನಿಂತಳು. ನಾನು ಇಳಿಯಲಿಲ್ಲ. ಕಂಡಕ್ಟರನ್ನು ಹಿಡಿದು ಟಿಕೆಟನ್ನು ಕೊನೆಯವರೆಗೂ ಮುಂದುವರಿಸಿಕೊಂಡೆ. ಅಮ್ಮ ಮಣೆ ಎತ್ತಿ ಬಾಗಿಲು ಹಾಕಿ, "ಸಂಜೆ ಊಟಕ್ಕೆ ಹೆಸರು ಬರೆಸ್ಲಾ?" ಎಂದಷ್ಟೇ ಕೇಳಿದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಊಟದ ಬೋಗಿಯಲ್ಲಿ ನನ್ನನ್ನು ಪೋರ್ಚುಗಲ್‌ನ ದಂಪತಿಯ ಎದುರು ಕೂರಿಸಿದರು. ಹೊರಗೆ ಯೂಟಾದ ಮರಳುಗಾಡಿನ ಮೇಲೆ ಇನ್ನೂ ಬಿಸಿಲಿತ್ತು. ಆ ಹೆಂಗಸು ಇಷ್ಟು ನಿಧಾನದ ಗಾಡಿಯನ್ನು ಜನ್ಮದಲ್ಲಿ ನೋಡಿಲ್ಲವೆಂದು ನಗುತ್ತ, ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿ, "ನೀವು ಒಬ್ಬರೇ ಹೋಗ್ತಿದೀರಾ?" ಎಂದು ಕೇಳಿದರು.

"ಇಲ್ಲ," ಎಂದೆ. "ಅಮ್ಮನ ಜೊತೆ."

ನಿಮ್ಮ,
ಡೆಲ್ಫೀನ್ ವಿಟ್ಲೋ